ವಿಮಾನಕ್ಕೆ ಅರ್ಜಿ ಬರೆಯುವ ಮಾವ

ಗೋಗಿಯಲ್ಲಿ ಎಲ್ಲರೂ ಬಸ್ಸು ಬರಲಿಲ್ಲವೆಂದು ಬೈದರೆ, ನನ್ನ ಸೋದರಮಾವ ಒಬ್ಬರು ಮಾತ್ರ ವಿಮಾನ ಬರಲಿಲ್ಲವೆಂದು ಬೈಯುತ್ತಾರೆ! ಗೋಗಿಗೆ ಎಂದಾದರೂ ವಿಮಾನ ಬಂದಿತ್ತೇ? ಎಲ್ಲಿಯದು! ನಿಲ್ದಾಣವಿರುವುದು ಪಕ್ಕದ ಜಿಲ್ಲೆಯಲ್ಲಿ.

ಮಾವ ನಿವೃತ್ತ ಶಾಲಾ ಮಾಸ್ತರರು. ಸರ್ಕಾರ ಕಂಪನಿಗೆ ನೆರವು ಕೊಟ್ಟು ನಮ್ಮಂಥ ಮೂಲೆಯ ಊರಿನವರಿಗೂ ಕಡಿಮೆ ದರದ ವಿಮಾನ ಬಿಟ್ಟಾಗ, ಅವರು ಅದರ ವೇಳಾಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡರು. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನು ತಡೆದು ನಿಲ್ಲಿಸಿದರು.

“ನಿನ್ನ ಬಸ್ ಬೆಂಗಳೂರು ಮುಟ್ಟಾಕ ಹನ್ನೆರಡ ತಾಸು. ವಿಮಾನ ಒಂದ ತಾಸಿನ್ಯಾಗ ಹೋಗ್ತದ. ನಾಚ್ಕಿ ಬರಂಗಿಲ್ಲೇನು?”

“ಮಾಸ್ತರ್ರ, ನಿಮ್ಮ ವಿಮಾನ ಗೋಗಿ ಕ್ರಾಸಿನ್ಯಾಗ ನಿಂದರ್ತದೇನ್ರಿ?”

“ಅರ್ಜಿ ಕೊಟ್ಟೀನಿ!”

ಈ ಹುಚ್ಚು ಹತ್ತಿದ್ದು ಅತ್ತೆಯಿಂದ. ಅವರ ಅನ್ನನಾಳದಲ್ಲಿ ಗಡ್ಡೆಯಾಗಿತ್ತು. ಮೂರು ವಾರಕ್ಕೊಮ್ಮೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಔಷಧ ಏರಿಸಬೇಕಿತ್ತು. ಮೊದಲ ಸಲ ನಾನೂ ಜೊತೆಗೆ ಹೋದೆ. ಅತ್ತೆಯ ಕೈಚೀಲದಲ್ಲಿದ್ದ ಉಪ್ಪಿನಕಾಯಿ ಬಾಟಲಿಯನ್ನು ವಿಮಾನ ನಿಲ್ದಾಣದ ತಪಾಸಣೆಯವನು ಹಿಡಿದ. ಅತ್ತೆ ಅಲ್ಲೇ ಮುಚ್ಚಳ ತೆಗೆದು, “ತಿಂದು ನೋಡಪಾ, ಇದರಾಗ ಬಾಂಬ್ ಎಲ್ಲದ?” ಎಂದರು. ಕನ್ನಡ ಬಾರದ ಆತ ನಕ್ಕ. ನಕ್ಕರೇನು, ಬಾಟಲಿ ಕಸದ ಡಬ್ಬಿಗೇ ಹೋಯಿತು!

ಮೇಲೆ ಹೋದಮೇಲೆ ಅತ್ತೆ ಕಿಟಕಿಗೆ ಹಣೆಯೂರಿ ಕೂತರು. “ಕೃಷ್ಣಾ ಹೊಳಿ ಇಷ್ಟ ಸಣ್ಣದೇನ್ರಿ? ದಂಡಿ ಮ್ಯಾಲ ಗುಡಿ ಇರೋ ತಿಂಥಣಿ ಮೌನಪ್ಪಗ ಗೊತ್ತಾದ್ರ ಬ್ಯಾಸರ ಮಾಡ್ಕೋತಾನ.”

ಐದು ಸಲ ಹಾಗೆ ಹೋಗಿ ಬಂದರು. ಆಮೇಲೆ ಒಂದು ದಿನ ವಿಮಾನ ರದ್ದಾಯಿತು. ಮತ್ತೊಂದು ದಿನವೂ ಆಯಿತು. ಕೊನೆಗೆ ನಿಂತೇ ಹೋಯಿತು. ನೆರವಿನ ಅವಧಿ ಮುಗಿದಿದೆ, ಸೀಟು ತುಂಬುವುದಿಲ್ಲ ಎಂದು ಕೌಂಟರಿನವನು ಹೇಳಿದ. ಮಾವ ಬಿಟ್ಟಾರೆಯೇ? ಸೀಟು ತಾನೇ ತುಂಬಿಸುತ್ತೇನೆಂದು ನೋಟ್‌ಬುಕ್ ಹಿಡಿದು ಊರೂರು ತಿರುಗಿದರು. ಕೊಂಕಲ್‌ನ ಮುದುಕನೊಬ್ಬ, “ಬರ್ತೀನ್ರಿ. ಆದ್ರ ಸಂಜಿಗಿ ಎಮ್ಮಿ ಹಿಂಡಾಕ ಹೊಳ್ಳಿ ಬರಬೇಕು” ಎಂದ. ಮಾವ ಅವನ ಹೆಸರನ್ನೂ ಬರೆದುಕೊಂಡರು!

ವಿಮಾನ ಮಾತ್ರ ಬರಲಿಲ್ಲ. ಅತ್ತೆಯನ್ನು ಬಸ್ಸಿನಲ್ಲಿ ಕರೆದೊಯ್ದೆವು. ದಾರಿಯುದ್ದಕ್ಕೂ ವಾಂತಿ. ಎರಡನೆಯ ಸಲ ಸುರಪುರ ದಾಟುವುದರೊಳಗೇ ಬಸ್ಸು ನಿಲ್ಲಿಸಿ ಇಳಿದುಬಿಟ್ಟರು. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಬಾಯಿ ಒರೆಸಿಕೊಂಡು ಹೇಳಿದರು: “ನಾ ಇನ್ನ ಬರಂಗಿಲ್ರಿ. ಮನ್ಯಾಗ ಇರ್ತೀನಿ. ಒತ್ತಾಯ ಮಾಡಬ್ಯಾಡ್ರಿ.”

ಮಾವ ಅವರ ಚೀಲ ಎತ್ತಿಕೊಂಡು, ಊರ ಕಡೆಗೆ ಹೋಗುವ ಬಸ್ಸಿಗೆ ಕೈ ಮಾಡಿದರು. ಸೀತನಿ ಕಾಲಕ್ಕೆ, ಹೊಲದಲ್ಲಿ ಎಳೆಜೋಳದ ತೆನೆ ಸುಡುವ ದಿನಗಳಲ್ಲಿ, ಅತ್ತೆ ತೀರಿಕೊಂಡರು.

ವಿಮಾನ ಮತ್ತೆ ಬಿಡಿ ಎನ್ನುವ ಮಾವನ ಅರ್ಜಿ ಮಾತ್ರ ನಿಲ್ಲಲಿಲ್ಲ. ಇಂದಿಗೂ ಸೋಮವಾರ ಬಂತೆಂದರೆ ಮಾವ ತಾಲೂಕು ಕಚೇರಿಯಲ್ಲಿ ಹಾಜರು. “ಏರೋಪ್ಲೇನ್ ಮಾಸ್ತರ್ರು ಬಂದ್ರು!” ಎಂದು ಜವಾನ ಕೂಗುತ್ತಾನೆ, ಗುಮಾಸ್ತರು ಚಹಾದ ನೆಪದಲ್ಲಿ ಎದ್ದು ಹೋಗುತ್ತಾರೆ. ಹೋದ ವಾರ ನನಗೇ ತಾಳ್ಮೆ ತಪ್ಪಿತು.

“ಅತ್ತೀನೇ ಇಲ್ಲ. ಇದೆಲ್ಲಾ ಯಾರ ಸಲುವಾಗಿ ಮಾವ? ಮಂದಿ ನಗಾಕತ್ತಾರ.”

ಮಾವ ಪೆನ್ನಿನ ಕ್ಯಾಪು ಹಾಕಿದರು.

“ಹಿಂದಿನ ಓಣ್ಯಾಗ ಒಬ್ಬಾಕಿಗೆ ಅದೇ ಜಡ್ಡು ಬಂದದ, ಯವ್ವಾ. ಸಣ್ಣ ವಯಸ್ಸು. ನಿನ್ನೆ ನಾನೇ ಬಸ್ಸಿಗಿ ಕುಂಡ್ರಿಸಿ ಬಂದೆ. ಕಿಡಕಿ ಕಡಿ ಸೀಟು ಕೊಡಿಸೀನಿ.” ಬರೆದ ಅರ್ಜಿಯನ್ನು ಮಡಚಿ ಜೇಬಿಗಿಟ್ಟರು. “ನಿಮ್ಮತ್ತಿ ಸೀರಿ ಒಂದು ನಾಕ ಮಡಿ ಮಾಡಿ ತಲಿ ಕೆಳಗ ಕೊಟ್ಟೆ. ಮೆತ್ತಗ ಇತ್ತು. ಬಸ್ ಬಿಡೂದ್ರಾಗ ಮಕ್ಕೊಂಡ್ಲು, ಪಾಪ.”