ಮಾವನ ಲೋಡು

ನಮ್ಮ ಸೋದರಮಾವನನ್ನು ‘ಚೆನ್ನಾಗಿದ್ದೀರಾ?’ ಎಂದು ಕೇಳಿದವರು ಕೆಟ್ಟರು! ಉಳಿದವರೆಲ್ಲ ಒಂದು ಉತ್ತರ ಕೊಟ್ಟರೆ ಇವರದು ಮೂರು: ಕಳೆದ ಒಂದು ನಿಮಿಷದ್ದು, ಐದು ನಿಮಿಷದ್ದು, ಹದಿನೈದು ನಿಮಿಷದ್ದು.

ತಪ್ಪು ಅವರದಲ್ಲ, ಪಾಂಡವಪುರದ ಕಾಲೇಜೊಂದರ ಕಂಪ್ಯೂಟರ್ ಸರ್ವರಿನದು. ಅದನ್ನು ನೋಡಿಕೊಳ್ಳುವುದೇ ಮಾವನ ಉದ್ಯೋಗ. ನಡೆಯುತ್ತಿರುವ ಕೆಲಸ, ಸರದಿಯಲ್ಲಿ ಕಾದಿರುವ ಕೆಲಸ ಎರಡನ್ನೂ ಕೂಡಿ, ಸರಾಸರಿ ತೆಗೆದು, ಆ ಯಂತ್ರ ಹೀಗೆ ಮೂರು ಅಂಕಿ ತೋರಿಸುತ್ತದಂತೆ. ಅದೇ ಲೋಡು. ಮೊದಲನೆಯದು ಬೇಗ ಏರಿ ಬೇಗ ಇಳಿಯುತ್ತದೆ, ಕೊನೆಯದು ಬಲು ನಿಧಾನ. ಯಂತ್ರ ತೋರಿಸಲಿ, ಬೇಡ ಎಂದವರಾರು? ಆದರೆ ಶ್ರೀರಂಗಪಟ್ಟಣದ ಹೋಟೆಲಿಗೆ ಹೋದಾಗಲೂ ಲೆಕ್ಕ ಹಾಕಬೇಕೆ?

“ಕಾವಲಿ ಮೇಲೆ ಒಂದು ದೋಸೆ, ಕಾಯೋರು ಮೂರು ಜನ. ನಿಮ್ ಲೋಡು ನಾಕು!”

“ನೀವಿಬ್ರೂ ಸೇರಿದ್ರೆ ಆರು ಸ್ವಾಮಿ, ಕುಂತ್ಕಳಿ,” ಎಂದ ಹೋಟೆಲಿನವನು.

ಸುಮ್ಮನೆ ಕೂತವರನ್ನೇಕೆ ಎಣಿಸುತ್ತೀರಿ ಎಂದು ನಾನು ಕೇಳಿದೆ. “ಸುಮ್ನೆ ಎಲ್ಲಿ ಕುಂತವ್ರೆ? ಕಾಯ್ತಾವ್ರೆ. ಕಾಯೋದೂ ಲೋಡೇ ಕಣ್ಲಾ!”

ಈಚೆಗೆ ಗಂಜಾಂನ ನಿಮಿಷಾಂಬ ದರ್ಶನ ಮುಗಿಸಿದ ನೆಂಟರೆಲ್ಲ ಊಟಕ್ಕೆ ಮಾವನ ಮನೆಗೆ ಬಂದಿಳಿದರು. ಒಲೆಯ ಮುಂದೆ ಅತ್ತೆ ಒಬ್ಬರೇ. ಮಾವ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿದರು: “ಒಂದು ನಿಮಿಷದ್ದು ಒಂಬತ್ತು, ಹದಿನೈದು ನಿಮಿಷದ್ದು ಎರಡು. ಲೋಡು ಏರ್ತಾ ಅದೆ ಕಣೆ!”

ಅತ್ತೆ ಸೌಟು ಎಸೆಯಲಿಲ್ಲ. ಎಲ್ಲರಿಗೂ ಬಡಿಸಿದರು, ಪಾತ್ರೆ ತೊಳೆದರು, ಬ್ಯಾಗು ಹಿಡಿದರು. “ಏರ್ತಾ ಅದೆ ಅನ್ನಕ್ಕೆ ಬಾಯಿ ಅದೆ, ಇಳ್ಸಕ್ಕೆ ಕೈ ಇಲ್ವಾ?” ಎಂದವರೇ ನಾಗಮಂಗಲದ ತವರಿಗೆ ಬಸ್ಸು ಹತ್ತಿದರು. ಆಮೇಲೆ ಫೋನು ಮಾಡಿದರೆ ಎತ್ತಲೂ ಇಲ್ಲ.

ಭಾನುವಾರ ಹೋದರೆ ಮಾವ ಜಗಲಿಯಲ್ಲಿ ಕೂತಿದ್ದರು. ನಗಿಸೋಣವೆಂದು, “ಕೆಲಸ ಇಲ್ಲ, ಕಾರ್ಯ ಇಲ್ಲ. ಲೋಡು ಸೊನ್ನೆ ಅಲ್ವಾ ಮಾವ?” ಎಂದೆ.

“ಸೊನ್ನೆ ಎಲ್ ಬತ್ತದ್ಲಾ? ಕಾಯ್ತಾ ಕುಂತಿವ್ನಲ್ಲ,” ಎಂದರು, ರಸ್ತೆಯಿಂದ ಕಣ್ಣು ಕೀಳದೆ. ಅವರನ್ನು ಎಬ್ಬಿಸಿಕೊಂಡು ನಾಗಮಂಗಲಕ್ಕೆ ಹೊರಟೆ.

ಅಲ್ಲಿ ಅತ್ತೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು. ನಮ್ಮನ್ನು ನೋಡಿಯೂ ನೋಡದಂತೆ ಕೂತರು. ಈಗ ಯಾವ ಅಂಕಿ ಬರುತ್ತದೋ ಎಂದು ನಾನು ಮಾವನ ಬಾಯಿ ನೋಡಿದೆ. ಒಂದೂ ಬರಲಿಲ್ಲ! ಮಾವ ಅಂಗಿಯ ತೋಳು ಮಡಿಸಿ, ಅತ್ತೆಯ ಕೈಯಿಂದ ಹೋಳು ತೆಗೆದುಕೊಂಡು, ಅವರನ್ನು ಎಬ್ಬಿಸಿ ತಾವು ತುರಿಮಣೆಯ ಮೇಲೆ ಕೂತರು. ತುರಿದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಅರ್ಧ ಹೋಳು ಮುಗಿದ ಮೇಲೆ, ತಲೆ ಎತ್ತದೆ ಮೆಲ್ಲಗೆ ಕೇಳಿದರು:

“ಕ್ವಾಪ ಇಳೀತಾ?”

ಚೆಲ್ಲಿದ ತುರಿಯನ್ನು ಬಳಿದು ಬಟ್ಟಲಿಗೆ ಹಾಕುತ್ತಾ ಅತ್ತೆ ಹೇಳಿದರು:

“ಒಂದು ನಿಮಿಷದ್ದು ಇಳ್ದದೆ. ಹದಿನೈದು ನಿಮಿಷದ್ದು ಇಳಿಯಕ್ಕೆ ವಸಿ ಹೊತ್ತಾಯ್ತದೆ. ತುರೀರಿ.”

ಮಾವ ಇನ್ನೊಂದು ಹೋಳು ಎತ್ತಿಕೊಂಡರು.