ಕಾಸ್ಮಿರ್ ಕತ್ತರಿ ಹಿಡಿಯದ ದಿನ

ಆ ಶುಕ್ರವಾರ ಅರಬ್ ನಾಡಿನ ಮಲಾಜ್ ಬಡಾವಣೆಯಲ್ಲಿ ಬಿಸಿಲು ಅಷ್ಟು ಹಿತವಾಗಿ ಬಿದ್ದದ್ದೇ ತಪ್ಪಾಯಿತು. ಫೆಬ್ರವರಿ ಇನ್ನೂ ಅರ್ಧ ಕಳೆದಿರಲಿಲ್ಲ. ಎರಡು ಕಂಬಳಿ ಹೊದ್ದು ಮಲಗಿ ಎದ್ದಿದ್ದ ಕಾಸ್ಮಿರ್, ಬನಿಯನಿನಲ್ಲೇ ಅಂಗಳಕ್ಕೆ ಬಂದು ಚಹಾ ಕುಡಿಯುತ್ತಿದ್ದಾಗ ಮೂಲೆಯ ಕುಂಡ ಕಣ್ಣಿಗೆ ಬಿತ್ತು. ಅದರಲ್ಲಿ ಹೆಂಡತಿಯ ಮಲ್ಲಿಗೆ ಗಿಡ ಒಂದೂ ಎಲೆಯಿಲ್ಲದೆ, ತಲೆಕೆಳಗಾಗಿ ನಿಲ್ಲಿಸಿದ ಹಿಡಿಸೂಡಿ ಪೊರಕೆಯಂತೆ ನಿಂತಿತ್ತು. ಕತ್ತರಿಸಲು ಕೈ ತುರಿಸಿತು.

ಉಡುಪಿ ಕಡೆ ಹುಟ್ಟಿ ಬೆಳೆದವನಿಗೆ ಚಳಿಗೆ ಎಲೆ ಉದುರಿಸಿ ನಿದ್ದೆ ಹೋಗುವ ಮಲ್ಲಿಗೆ ಗೊತ್ತಿಲ್ಲ. ಅಲ್ಲಿ ಒಣಗಿದ್ದು ಎಂದರೆ ಬಚ್ಚಲ ಒಲೆಗೆ. ಕಾಸ್ಮಿರ್ ಹೀಗೆಯೇ ಎರಡು ವರ್ಷ ಒಂದು ದಿನದ ಬಿಸಿಲಿಗೆ ಮರುಳಾಗಿ ಗಿಡ ಕತ್ತರಿಸಿದ್ದ. ಎರಡು ಸಲವೂ ಚಂದದ ಎಳೆ ಚಿಗುರು ಬಂತು. ಎರಡು ಸಲವೂ ಅದರ ಬೆನ್ನಿಗೇ ಇಲ್ಲಿಯವರು ಮುದುಕಿಯ ಚಳಿ ಎನ್ನುವ ಕೊನೆಯ ಚಳಿ ಬಂದು ಚಿಗುರನ್ನು ಸುಟ್ಟಿತು. ಬುಡವೂ ಉಳಿಯಲಿಲ್ಲ.

ಈಗಿನದು ಮೂರನೆಯದು. ಮೂರೂ ಹೆಂಡತಿ ಎಲಿಜಬೆತ್‌ಳ ತಾಯಿಯ ಅಂಗಳದ ಒಂದೇ ಬುಡದಿಂದ ತಂದ ಕಡ್ಡಿಗಳು. ಆ ಬುಡ ಈಗ ಹೆದ್ದಾರಿಯ ಡಾಮರಿನ ಕೆಳಗೆ. ತಮ್ಮನ ಮಗಳ ಮದುವೆಗೆ ಊರಿಗೆ ಹೊರಟಾಗ ಎಲಿಜಬೆತ್ ಜಗಳವಾಡಲಿಲ್ಲ. ಮೆಲ್ಲಗೆ ಒಂದು ಮಾತು ಹೇಳಿದಳು:

"ಇವ್ರೇ, ಇದು ಹೋದ್ರೆ ಇನ್ನು ತರ್ಲಿಕ್ಕೆ ಎಲ್ಲಿಯೂ ಇಲ್ಲ. ನಾನು ಬರುವವರೆಗೆ ಕತ್ತರಿ ತಾಗಿಸ್ಬೇಡಿ."

ಜಗಳವಾಡಿದ್ದರೆ ಮರೆತುಬಿಡಬಹುದಿತ್ತು. ಮೆಲ್ಲಗೆ ಹೇಳಿದ್ದು ಮೀನಿನ ಮುಳ್ಳಿನಂತೆ ಗಂಟಲಲ್ಲೇ ನಿಂತಿತ್ತು.

ಅವಳು ಬರುವುದು ಅದೇ ಸಂಜೆ. ಇಷ್ಟು ದಿನ ತಡೆದವನಿಗೆ ಒಂದು ಹಗಲು ದೊಡ್ಡದಲ್ಲ. ಆದರೆ ಚಹಾದ ಗ್ಲಾಸು ಇಟ್ಟ ಕೈಯಲ್ಲಿ ಗಿಡದ ಕತ್ತರಿ ಯಾವಾಗ ಬಂತೋ ಅವನಿಗೇ ತಿಳಿಯಲಿಲ್ಲ. ಹೆದರಿ, ಅದನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದ.

ಮೇಲಿನ ಮನೆಯಲ್ಲಿ ಬಂಟ್ವಾಳ ಕಡೆಯ ಅಬ್ದುಲ್ ಹಕೀಂ ಹಾಜಿ ಇದ್ದರು. ಅತ್ತರಿನ ಅಂಗಡಿಯನ್ನು ಮಕ್ಕಳ ಕೈಗೆ ಕೊಟ್ಟ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಊರ ಕಡೆ ಕ್ರೈಸ್ತರನ್ನು ಕರೆಯುವಂತೆ ಅವರು ಕಾಸ್ಮಿರ್‌ನನ್ನು ಪೊರ್ಬುಗಳೇ ಎನ್ನುತ್ತಿದ್ದರು. ಹೆಂಡತಿ ನಫೀಸತ್ ಬೆಳಿಗ್ಗೆಯೇ ಅಕ್ಕನ ಮನೆಗೆ ಹೋಗಿದ್ದರು.

"ಹಾಜಿಯವ್ರೇ, ಇದನ್ನು ಇಟ್ಕೊಳ್ಳಿ. ಸಂಜೆವರೆಗೆ ನಾನು ಕಾಲಿಗೆ ಬಿದ್ರೂ ಕೊಡ್ಬೇಡಿ."

"ಎಂತ ಪೊರ್ಬುಗಳೇ, ಯಾರನ್ನಾದ್ರೂ ಕೊಲ್ಲುವ ಅಂದಾಜು ಉಂಟಾ?"

"ಎರಡು ಆಗಿದೆ. ಮೂರನೆಯದು ಬೇಡ ಅಂತ."

ಹಾಜಿಯವರು ಕತೆಯನ್ನೆಲ್ಲ ಕೇಳಿ, ಕತ್ತರಿಯನ್ನು ಎರಡು ಸಲ ಗಾಳಿಯಲ್ಲಿ ಕಚಕಚ ಎನಿಸಿ, ಬಲು ಗೌರವದಿಂದ ಜುಬ್ಬದ ಜೇಬಿಗೆ ಇಳಿಸಿದರು. ಕಾಸ್ಮಿರ್ ಗುಡ್ಡದಷ್ಟು ಭಾರ ಇಳಿದವನಂತೆ ಕೆಳಗೆ ಬಂದ.

ಆದರೆ ಹಾಜಿಯವರ ಜೇಬಿನಲ್ಲಿ ಕತ್ತರಿ ನಿಂತರೂ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ. ಜುಮಾ ನಮಾಝು ಮುಗಿಯುವಷ್ಟರಲ್ಲಿ ಕಾಸ್ಮಿರ್‌ನ ಮಲ್ಲಿಗೆ ಇಡೀ ಕಟ್ಟಡದ ಮಲ್ಲಿಗೆಯಾಯಿತು. ರಜೆಯ ದಿನ, ಯಾರಿಗೂ ಬೇರೆ ಕೆಲಸವಿಲ್ಲ. ಎದುರು ಮನೆಯ ಭಟ್ಕಳದ ಇಂಜಿನಿಯರ್ ಮಿಸ್ಬಾಹ್ ಬಂದು, ಜೀವ ಇದೆಯೇ ನೋಡೋಣ ಎಂದು ಕಡ್ಡಿಯನ್ನು ಉಗುರಿನಿಂದ ಕೆರೆದ. ಒಳಗೆ ಹಸಿರು ಕಂಡಿತೆಂದ. ಅವನ ಹಿಂದೆ ಬಂದವನಿಗೆ ಅದು ಕಾಣಲಿಲ್ಲ, ಅವನು ಇನ್ನೊಂದು ಕಡೆ ಕೆರೆದ. ಮೂರನೆಯವನು ಇಬ್ಬರ ನಡುವಿನ ನ್ಯಾಯ ತೀರಿಸಲು ಕೆರೆದ. ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರು ಸರದಿಯಲ್ಲಿ ಕೈನಾಡಿ ಹಿಡಿದ ಹಾಗಾಯಿತು. ಕಾಸ್ಮಿರ್ ಕುರ್ಚಿ ತಂದು ಕುಂಡಕ್ಕೆ ಬೆನ್ನು ಕೊಟ್ಟು ಕುಳಿತ. ಕುಳಿತವನ ಬೆರಳೇ ಮೆಲ್ಲಗೆ ಹಿಂದಕ್ಕೆ ಹೋಗಿ ಒಂದು ಕಡ್ಡಿಯ ತುದಿಯನ್ನು ಸವರುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಒತ್ತಿ ಕುಳಿತ.

ಆಗ ಬಂದ ಇಕ್ರಾಮುಲ್ಲಾ. ಕಟ್ಟಡದ ಕಾವಲುಗಾರ, ಪೇಶಾವರದವನು. ಯಜಮಾನರು ನಾಳೆ ಬರುತ್ತಾರಂತೆ, ಅಂಗಳ ಚೊಕ್ಕಟ ಮಾಡಬೇಕಂತೆ. ಅವನು ಕುಂಡವನ್ನು ಒಮ್ಮೆ ನೋಡಿದ, ತಲೆ ಅಲ್ಲಾಡಿಸಿದ.

"ಭಾಯಿ, ಯೆ ತೋ ಮರ್ ಗಯಾ."

ಸತ್ತಿಲ್ಲ, ಮಲಗಿದೆ ಎಂದು ಕಾಸ್ಮಿರ್ ತನಗೆ ಬರುವ ಹಿಂದಿಯಲ್ಲಿ ವಿವರಿಸಿದ. ಇಕ್ರಾಮುಲ್ಲಾ, ಗಿಡವನ್ನಲ್ಲ, ಕಾಸ್ಮಿರ್‌ನನ್ನು ಮರುಕದಿಂದ ನೋಡಿ, ಚೀಲ ತರುತ್ತೇನೆಂದು ಹೋದ. ಕಾಸ್ಮಿರ್ ಕುಂಡವನ್ನು ಎತ್ತಿ ಮನೆಯೊಳಗೆ ತಂದ. ಅಡುಗೆಮನೆಯ ಚಾಕು ಕಣ್ಣಿಗೆ ಬಿದ್ದದ್ದೇ ಕುಂಡವನ್ನು ಬಚ್ಚಲುಮನೆಯಲ್ಲಿಟ್ಟು ಚಿಲಕ ಹಾಕಿದ. ಆಮೇಲೆ ಹೊಳೆಯಿತು, ಎಲ್ಲ ಮನೆಯ ಇನ್ನೊಂದು ಕೀಲಿ ಇಕ್ರಾಮುಲ್ಲಾನ ಸೊಂಟದಲ್ಲಿದೆ. ತಾನು ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಅವನು ಒಳಗೆ ಬಂದರೆ?

ಹೀಗೆ ಮಲ್ಲಿಗೆ ಕಾರು ಹತ್ತಿತು. ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಎಳೆದು ಹಾಕಿದ. ಅಷ್ಟರಲ್ಲಿ ಇಕ್ರಾಮುಲ್ಲಾ ಮೆಟ್ಟಿಲಿನಿಂದ ಅರ್ಧ ಚೀಲ ಒಣಕಡ್ಡಿ ಎಳೆದುಕೊಂಡು ಬಂದ. ಯಾರದೋ ಮನೆಯ ಕಸ. ಸದ್ಯ, ಇವನ ಹಸಿವು ಬೇರೆ ಕಡೆ ತೀರಿತು ಎಂದು ಕಾಸ್ಮಿರ್‌ನಿಗೆ ಬಂದ ಸಂತೋಷ ಹೇಳತೀರದು. ಚೀಲದಿಂದ ಕಡ್ಡಿ ಚೆಲ್ಲುತ್ತಿತ್ತು. ತಾನೇ ಕೂತು, ಹಗ್ಗ ಸುತ್ತಿ, ಬಾಯಿ ಬಿಗಿಯಾಗಿ ಕಟ್ಟಿ, ಒಂದು ಕೈ ಹಿಡಿದು ಬೀದಿಯ ಕಸದ ತೊಟ್ಟಿಗೆ ಎತ್ತಿ ಹಾಕಿಸಿದ. ಕಸದ ಲಾರಿ ತಿರುವಿನಲ್ಲೇ ಇತ್ತು.

ವಿಮಾನ ನಿಲ್ದಾಣದಲ್ಲಿ ಎಲಿಜಬೆತ್ ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಕಾರಿನ ಬಳಿ ಬಂದಳು. ಬಾಗಿಲು ತೆರೆದವಳು ಹಾಗೆಯೇ ನಿಂತಳು.

"ಇದನ್ನು ಯಾಕೆ ತಂದ್ರಿ?"

"ಬಿಟ್ಟು ಬರ್ಲಿಕ್ಕೆ ಧೈರ್ಯ ಬರ್ಲಿಲ್ಲ. ನೋಡು, ಒಂದು ಕಡ್ಡಿ ಸಹ ಕತ್ತರಿಸ್ಲಿಲ್ಲ."

ಅವಳು ಗಿಡವನ್ನು ನೋಡಿದಳು, ಬೆಲ್ಟು ನೋಡಿದಳು, ಗಂಡನ ಅಂಗಿಯ ಮೇಲಿನ ಮಣ್ಣು ನೋಡಿದಳು. ನಗುತ್ತಾಳೆಂದುಕೊಂಡ. ಅವಳ ಕಣ್ಣಲ್ಲಿ ನೀರು ಬಂತು.

"ನನ್ನಿಂದ ತಪ್ಪಾಯ್ತು ಇವ್ರೇ. ಇದು ಮಲ್ಲಿಗೆ ಅಲ್ಲ."

ನರ್ಸರಿಯವನು ಎಸೆಯಲು ಇಟ್ಟಿದ್ದ ಯಾವುದೋ ಬೇಲಿಗಿಡವಂತೆ. ಗಂಡ ಹೇಗೂ ತಡೆಯಲಾರ, ಕಡಿಯುವುದಾದರೆ ಇದನ್ನು ಕಡಿದುಕೊಳ್ಳಲಿ ಎಂದು ಅದನ್ನು ಅಂಗಳದಲ್ಲಿಟ್ಟು, ನಿಜವಾದ ಮಲ್ಲಿಗೆಯನ್ನು ನಫೀಸತ್‌ರ ತಾರಸಿಯಲ್ಲಿ ನೀರಿನ ಟಾಂಕಿಯ ಹಿಂದೆ ಇಡಿಸಿ ಹೋಗಿದ್ದಳು. ಒಣಗಿದ ಮೇಲೆ ಕಾಸ್ಮಿರ್‌ನಿಗೆ ಎರಡೂ ಒಂದೇ ಎಂಬುದು ಅವಳಿಗೆ ಗೊತ್ತಿತ್ತು. ಹಾಜಿಯವರಿಗೂ ಹೇಳಬೇಡಿ ಎಂದು ನಫೀಸತ್‌ರಿಂದ ಮಾತು ತೆಗೆದುಕೊಂಡಿದ್ದಳು. ಅವರಿಗೆ ಹೇಳುವುದೂ ಮಲಾಜ್‌ಗೆ ಹೇಳುವುದೂ ಬೇರೆಯಲ್ಲ.

ಇಷ್ಟು ವರ್ಷ ಒಟ್ಟಿಗೆ ಬಾಳಿದ ಹೆಂಡತಿ ತನ್ನನ್ನು ಇಷ್ಟೇ ನಂಬಿದ್ದಳು ಎಂದು ಕಾಸ್ಮಿರ್‌ನ ಮನಸ್ಸು ನೊಂದಿತು. ಹಿಂದಿನ ಎರಡು ಗಿಡಗಳು ನೆನಪಾದವು, ಪೆಟ್ಟಿಗೆಗಳನ್ನು ಎತ್ತಿ ಕಾರಿಗೆ ಹಾಕತೊಡಗಿದ. ಎಲಿಜಬೆತ್ ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳ ನಡುವೆ ಕುಳಿತಳು. ಸ್ವಲ್ಪ ದೂರ ಹೋದ ಮೇಲೆ ಮುಂದಕ್ಕೆ ಬಾಗಿ ಅವನ ಹೆಗಲ ಮೇಲೆ ಕೈ ಇಟ್ಟಳು.

"ಇನ್ನು ಮಲ್ಲಿಗೆಯನ್ನು ನೀವೇ ನೋಡ್ಕೊಳ್ಳಿ. ನಿಮ್ಮ ಕೈಯಲ್ಲೇ ಇರ್ಲಿ."

ಆ ಮಾತಿಗೆ ಎಲ್ಲ ಹಗುರವಾಯಿತು. ದಾರಿಯುದ್ದಕ್ಕೂ ಕಾಸ್ಮಿರ್ ಬೆಲ್ಟು ಹಾಕಿ ಕುಳಿತ ಬೇಲಿಗಿಡಕ್ಕೆ ರಸ್ತೆ ತೋರಿಸುತ್ತಾ ಬಂದ, ಅವಳು ನಗುತ್ತಾ ಬಂದಳು.

ಮನೆಗೆ ಬಂದವರು ಪೆಟ್ಟಿಗೆ ಇಳಿಸದೆ ತಾರಸಿಗೆ ಹತ್ತಿದರು. ಹೊತ್ತು ಮುಳುಗುತ್ತಿತ್ತು, ಬಡಗಣ ಗಾಳಿ ಮತ್ತೆ ತಣ್ಣಗೆ ಬೀಸತೊಡಗಿತ್ತು. ಆಗತಾನೆ ಮನೆಗೆ ಮರಳಿದ್ದ ನಫೀಸತ್ ಬುರ್ಖಾ ತೆಗೆಯದೆ ತಾರಸಿಯ ಬಾಗಿಲಲ್ಲಿ ನಿಂತಿದ್ದರು. ಎಲಿಜಬೆತ್‌ಳನ್ನು ನೋಡಿ ಮುಖ ತಗ್ಗಿಸಿದರು. ಟಾಂಕಿಯ ಹಿಂದಿನಿಂದ ಹಾಜಿಯವರು ಕೈ ಒರೆಸಿಕೊಳ್ಳುತ್ತಾ ಬಂದರು.

"ಪೊರ್ಬುಗಳೇ, ನಿಮ್ಮ ಗಿಡಕ್ಕೆ ನಾನು ಕೈ ಹಾಕ್ಲಿಲ್ಲ. ಆದ್ರೆ ಕತ್ತರಿ ಜೇಬಿನಲ್ಲಿದ್ರೆ ಕೈ ಸುಮ್ನೆ ಕೂರುದಿಲ್ಲ ಮಾರಾಯ್ರೆ. ಇಲ್ಲಿ ಇವಳದ್ದೊಂದು ಸತ್ತ ಗಿಡ ಇತ್ತು. ಕಡಿದು, ಬೇರು ಕಿತ್ತು, ಕುಂಡ ತೊಳ್ದು ಕೊತ್ತಂಬರಿ ಬಿತ್ತಿದ್ದೇನೆ. ಬಾಯಿ ಮುಚ್ಚಿ ನಿಂತಿದ್ದಾಳೆ ನೋಡಿ, ಖುಷಿಗೆ."

ಎಲಿಜಬೆತ್ ಕುಂಡದ ಹಸಿ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, ಹಿಂದೆ ಗಂಡನಿಗೆ ಹೇಳಿದ್ದ ಅದೇ ಮೆಲುದನಿಯಲ್ಲಿ ಕೇಳಿದಳು:

"ಹಾಜಿಯವ್ರೇ, ಕಡಿದ ಕಡ್ಡಿ ಎಲ್ಲಿ? ಒಂದು ಸಿಕ್ಕಿದ್ರೂ ಸಾಕಿತ್ತು. ನೆಟ್ಟು ನೋಡ್ತಿದ್ದೆ."

"ಕಡ್ಡಿಯಾ? ಅದು ಇಕ್ರಾಮುಲ್ಲಾ ಆಗ್ಲೇ ಚೀಲದಲ್ಲಿ ತುಂಬಿಕೊಂಡು ಹೋದ. ಲಾರಿಯೂ ಹೋಗಿ ಆಯ್ತಲ್ಲ."

ಎಲಿಜಬೆತ್ ತಿರುಗಿ ಗಂಡನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ, ಈ ವಿಷಯದಲ್ಲಿ ಇವರದೇನೂ ತಪ್ಪಿಲ್ಲ ಎಂಬ ನಂಬಿಕೆಯಿತ್ತು.

ಚೀಲದ ಬಾಯಿ ಯಾರು ಕಟ್ಟಿದ್ದೆಂದು ಕಾಸ್ಮಿರ್ ಹೇಳಲಿಲ್ಲ.