ಅಂಟಣ್ಣನಿಗೆ ಕಂಡಷ್ಟು

ಕಾಲೇಜಿನ ಲೈಬ್ರರಿಯ ಹಿಂದುಗಡೆ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕೋಣೆ. ಆ ಕೋಣೆಗೆ ಒಂದೇ ಕಿಟಕಿ. ಕಿಟಕಿಯಿಂದ ಬ್ಯಾಸ್ಕೆಟ್‌ಬಾಲ್ ಅಂಗಳ ಕಾಣುತ್ತಿತ್ತು, ಆದರೆ ಅರ್ಧ ಮಾತ್ರ. ಉಳಿದ ಅರ್ಧಕ್ಕೆ ನೀರಿನ ಟ್ಯಾಂಕು ಅಡ್ಡ. ಭಗವಂತ ಯಾರಿಗೂ ಎಲ್ಲವನ್ನೂ ಒಟ್ಟಿಗೆ ತೋರಿಸುವುದಿಲ್ಲ. ತೋರಿಸಿದಷ್ಟರಲ್ಲಿ ಸುಮ್ಮನಿರುವವನಿಗೆ ತೊಂದರೆಯಿಲ್ಲ; ತೋರಿಸಿದಷ್ಟನ್ನು ಬರೆದು ಗೋಡೆಗೆ ಅಂಟಿಸುವವನಿಗೆ ಉಂಟು.

ನಮ್ಮ ಬೈಂಡರ್ ಅಂಟಿಸುವವರ ಜಾತಿ. ಮೈದಾಹಿಟ್ಟು ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿ ಅವನು ಕಾಯಿಸುವ ಅಂಟು ಒಮ್ಮೆ ಹಿಡಿಯಿತೆಂದರೆ ಹಿಡಿಯಿತು. ಗೋಡೆ ಬಂದೀತು, ಕಾಗದ ಬಾರದು. ಹೀಗಾಗಿ ಅವನನ್ನು ಎಲ್ಲರೂ ಅಂಟಣ್ಣ ಎಂದೇ ಕರೆಯುತ್ತಿದ್ದರು. ಆ ಕೋಣೆಗೆ ಬಂದು ಇಪ್ಪತ್ತೆರಡು ವರ್ಷ, ಕಾಲೇಜು ತಂಡಕ್ಕೆ ಮನಸ್ಸು ಕೊಟ್ಟೂ ಇಪ್ಪತ್ತೆರಡು ವರ್ಷ. ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮೊದಲು, ಕಿಟಕಿಯಿಂದ ಅಭ್ಯಾಸ ನೋಡಿ, 'ಈ ಸಲದ ನಮ್ಮ ತಂಡ: ನನಗೆ ಕಂಡಂತೆ' ಎಂದು ಒಂದು ಹಾಳೆ ಬರೆದು ಕ್ಯಾಂಟೀನಿನ ಪಕ್ಕದ ಬೋರ್ಡಿಗೆ ಅಂಟಿಸುವುದು ಅವನ ವ್ರತ.

ಪಂದ್ಯ ನೋಡುವ ಯೋಗ ಮಾತ್ರ ಅವನಿಗೆ ಕಡಿಮೆ. ಆಳು ಗಿಡ್ಡ. ಜನರ ಹಿಂದೆ ತುದಿಗಾಲಲ್ಲಿ ನಿಂತು ಇಷ್ಟು ವರ್ಷದಲ್ಲಿ ಅವನು ನೋಡಿದ್ದು ಆಟಕ್ಕಿಂತ ಹೆಚ್ಚಾಗಿ ಮುಂದೆ ನಿಂತವರ ಕುತ್ತಿಗೆಗಳನ್ನು. ಅಂಗಳದ ಅಂಚಿನಲ್ಲಿ ಒಂದು ಕುರ್ಚಿ ಇತ್ತು. ಅದರಲ್ಲಿ ಕೂತವನ ಕೆಲಸ ಅಂಕದ ಹಲಗೆಯ ಅಂಕಿಗಳನ್ನು ಮಗುಚುವುದು. ಅವನಿಗೂ ಆಟಕ್ಕೂ ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲ. ಈ ವರ್ಷ ಅಲ್ಲಿ ಕೂರುತ್ತಿದ್ದ ಮುದಿ ಡ್ರಾಯಿಂಗ್ ಮೇಷ್ಟರಿಗೆ ಕಣ್ಣು ಮಂಜಾಯಿತು. ಕೋಚ್ ಬಂದು, "ಅಂಟಣ್ಣ, ಸಂಜೆ ಸ್ನೇಹದ ಪಂದ್ಯಕ್ಕೆ ನೀವೇ ಕೂತ್ಕೊಳ್ಳಿ. ಏನೂ ಎಡವಟ್ಟಾಗ್ದಿದ್ರೆ ವರ್ಷಪೂರ್ತಿ ಕುರ್ಚಿ ನಿಮ್ದೇ" ಎಂದಿದ್ದರು. ಅಂಟಣ್ಣ ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಬರುತ್ತಲೇ ಹಾಳೆಯನ್ನೂ ಅಂಟಿಸಿದ್ದ.

ಹತ್ತು ಗಂಟೆಗೆ ಚಹಾ ಕುಡಿಯಲು ಹೋದರೆ ಕ್ಯಾಂಟೀನಿನವನು ಲೋಟ ಕೊಡದೆ ಮುಖ ನೋಡಿದ.

"ಅಲ್ಲಾ ಅಂಟಣ್ಣ, ಏನಪ್ಪಾ ಬರ್ದಿದ್ದೀಯಾ! ನಮ್ಮ ತಂಡದ ಉದ್ದನೆ ಹುಡುಗ, ಆ ಕಂಬನ್ನ ಕೋಟೆ ಬಾಗಿಲು ಅಂತ ಹೊಗಳಿದ್ದೀಯ, ಸರಿ. ಹೊಸದಾಗಿ ಬಂದಿರೋ ಒಂಬತ್ತನೇ ನಂಬರಿಗೆ ಹಿಂಗಾ?" ಎಂದು ಬೋರ್ಡಿನ ಕಡೆ ತಿರುಗಿ ಜೋರಾಗಿ ಓದಿದ: "'ಅಂಚೆಪೆಟ್ಟಿಗೆಗೆ ಕಾಗದ ಹಾಕಲು ಬಂದವನ ಹಾಗೆ ಬರುತ್ತಾನೆ, ನಿಲ್ಲುತ್ತಾನೆ, ಹೋಗುತ್ತಾನೆ. ಹತ್ತು ದಿನದಲ್ಲಿ ಒಮ್ಮೆಯೂ ಬುಟ್ಟಿಗೆ ಎಸೆದದ್ದು ಕಾಣೆ. ಇವನನ್ನು ಬಿಟ್ಟು ನಾಲ್ವರೇ ಆಡಿದರೂ ವ್ಯತ್ಯಾಸವಾಗದು.' ಅವನು ಯಾರು ಅಂತ ಗೊತ್ತಾ ನಿಂಗೆ?"

"ಯಾರಾದ್ರೇನು? ಕಂಡಿದ್ದು ಬರ್ದೆ."

"ಆಫೀಸು ಸೂಪರಿಂಟೆಂಡೆಂಟ್ ಅಮ್ಮನ ಸೋದರಳಿಯ ಕಣಯ್ಯ! ಅಣ್ಣನ ಮಗ!"

ಲೋಟ ಕೈಗೆ ಬಂತು. ಅಂಟಣ್ಣ ಅದನ್ನು ಹಾಗೆಯೇ ಕಟ್ಟೆಯ ಮೇಲಿಟ್ಟು ಹೊರಟ.

ಸೂಪರಿಂಟೆಂಡೆಂಟ್ ಅಮ್ಮ ಬಂದರೆ ಫೈಲುಗಳೂ ಎದ್ದು ನಿಲ್ಲುತ್ತವೆ ಎಂದು ಪ್ರತೀತಿ. ಅಂಟಣ್ಣ ಕೋಣೆಗೆ ಮರಳುವ ಹೊತ್ತಿಗೆ ಅವರು ಆಗಲೇ ರಟ್ಟುಗಳ ನಡುವೆ ನಿಂತಿದ್ದರು.

"ನನ್ನಳಿಯ ಕಾಗದ ಹಾಕೋಕೆ ಬರ್ತಾನಾ? ಅದನ್ನ ಓದಿ ತಿಂಡೀನೂ ಬಿಟ್ಟು ಕೂತಿದೆ ಮಗು!"

ಮಗು ಆರಡಿ ನಾಲ್ಕಂಗುಲ ಇತ್ತು. ಅಂಟಣ್ಣ ಅದನ್ನು ಹೇಳುವ ಧೈರ್ಯ ಮಾಡಲಿಲ್ಲ.

"ಎಲ್ಲಿಂದ ನೋಡಿದ್ರಿ ನೀವು?"

"ಇಲ್ಲಿಂದಾನೇ ಅಮ್ಮ, ಈ ಕಿಟಕಿಯಿಂದ."

ಅವರು ಕಿಟಕಿಗೆ ಮುಖ ಒಡ್ಡಿದರು. "ಆಚೆ ಕಡೆ ಬುಟ್ಟಿ ಎಲ್ರೀ?"

"ಟ್ಯಾಂಕಿನ ಹಿಂದೆ."

"ಅಭ್ಯಾಸದಲ್ಲಿ ನಮ್ಮ ಮೊದಲ ತಂಡ ಎಸೆಯೋದು ಯಾವ ಬುಟ್ಟಿಗೆ?"

ಅಂಟಣ್ಣ ಟ್ಯಾಂಕಿನ ಕಡೆಗೇ ಬೆರಳು ತೋರಿಸಿದ. ಚೆಂಡು ಹಿಡಿದವರೆಲ್ಲ ಟ್ಯಾಂಕಿನ ಹಿಂದೆ ಓಡಿ ಮಾಯವಾಗುತ್ತಿದ್ದರು. ಅಲ್ಲಿ ಏನೋ ನಡೆದು, ಕೂಗು ಕೇಳಿ, ಮತ್ತೆ ಬರುತ್ತಿದ್ದರು. ಆ ಕೂಗು ಯಾರಿಗಾಗಿ ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ.

"ಬನ್ನಿ ನನ್ ಜೊತೆ" ಎಂದು ಅಮ್ಮ ಅವನನ್ನು ತೋಳು ಹಿಡಿದು ಎಳೆದುಕೊಂಡೇ ಹೋದರು.

ಟ್ಯಾಂಕಿನ ಆಚೆ ಒಂಬತ್ತನೇ ನಂಬರಿನವನು ಒಬ್ಬನೇ ಮುಖ ಇಳಿಬಿಟ್ಟು ಚೆಂಡು ತಟ್ಟುತ್ತಿದ್ದ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಹೋಗುವಂತೆ ಭುಜದ ಒಂದು ಸುಳ್ಳು, ಅಲ್ಲೇ ನಿಂತು ನೆಗೆತ. ಚೆಂಡು ಕಬ್ಬಿಣದ ಬಳೆಯನ್ನು ಸೋಕದೆ ಬಲೆಯೊಳಗೆ ಇಳಿಯಿತು. ಹತ್ತು ಎಸೆದ, ಹತ್ತೂ ಹಾಗೆಯೇ. ಅಂಟಣ್ಣನ ಕಣ್ಣು ತುಂಬಿ ಬಂತು. ಇಂಥ ಕೈಯನ್ನು ದೇವರು ತನ್ನ ತಂಡಕ್ಕೇ ಕಳಿಸಿರುವಾಗ ತಾನು ಟ್ಯಾಂಕು ನೋಡುತ್ತಾ ಕೂತೆನಲ್ಲ!

"ತಪ್ಪಾಯ್ತು ಕಣಪ್ಪಾ" ಎಂದ.

"ಇರ್ಲಿ ಬಿಡಿ ಮಾಮ" ಎಂದು ಹುಡುಗ ತಲೆ ಕೆರೆದುಕೊಂಡ. "ನಮ್ಮಮ್ಮನೂ ಹಂಗೇ ಬೈತಾಳೆ. ಮನೆಗೆ ಬರ್ತೀಯಾ, ನಿಲ್ತೀಯಾ, ಹೋಗ್ತೀಯಾ ಅಂತ."

ಅತ್ತೆಗೆ ಆ ಉದಾರತೆ ಇರಲಿಲ್ಲ. "ಸಂಜೆಯೊಳಗೆ ತಿದ್ದಿ ಅಂಟಿಸ್ಬೇಕು. ಇಲ್ಲಾಂದ್ರೆ ಆ ಕುರ್ಚೀಲಿ ಯಾರು ಕೂರ್ತಾರೆ ಅಂತ ನಾನೂ ನೋಡ್ತೀನಿ."

ಅಂಟಣ್ಣನಿಗೆ ಹೆದರಿಕೆಗಿಂತ ಪಶ್ಚಾತ್ತಾಪವೇ ಹೆಚ್ಚಾಗಿತ್ತು. ಊಟ ಬಿಟ್ಟು ಹೊಸ ಹಾಳೆ ಬರೆದ. ಒಂಬತ್ತನೇ ನಂಬರಿನವನೇ ಈ ಸಲದ ರತ್ನವೆಂದೂ, ಎಡಕ್ಕೆ ಎರಡು ಹೆಜ್ಜೆ ಇಟ್ಟು ಬಲಕ್ಕೆ ಭುಜ ಆಡಿಸಿ ಎಸೆಯುತ್ತಾನೆಂದೂ, ಅವನನ್ನು ತಡೆಯಲು ಇಬ್ಬರಾದರೂ ಬೇಕೆಂದೂ, ಹುಡುಗನಿಂದ ಕೇಳಿ ತಿಳಿದಂತೆ ಕಂಬ ಮಾತ್ರ ಎದುರು ಬುಟ್ಟಿಯ ಬಳಿ ಹೋದರೆ ದಾರಿ ತಪ್ಪಿದ ಎತ್ತಿನಂತೆ ನಿಲ್ಲುತ್ತಾನೆಂದೂ ಒಂದೂ ಬಿಡದೆ ಬರೆದ. ತಪ್ಪೊಪ್ಪಿಗೆ ಗಾಳಿಗೆ ಉದುರಬಾರದೆಂದು ಎರಡು ಪದರ ಅಂಟು ಬಳಿದು, ಹಳೆಯದರ ಮೇಲೆಯೇ ಒತ್ತಿ ಅಂಟಿಸಿದ.

ಮೂರು ಗಂಟೆಗೆ ಕೋಚ್ ಕುಣಿಯುತ್ತಾ ಬಂದರು.

"ಅಂಟಣ್ಣ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು! ಎದುರು ತಂಡದ ಮ್ಯಾನೇಜರು ಬೆಳಗ್ಗೆ ಅಂಗಳ ನೋಡೋಕೆ ಬಂದವ್ನು ನಿಮ್ಮ ಹಾಳೇನ ಅಕ್ಷರ ಬಿಡದೆ ಬರ್ಕೊಂಡು ಹೋಗಿದ್ದಾನಂತೆ. ಒಂಬತ್ತನ್ನ ಕಾಯೋಕೆ ಯಾರೂ ಇರಲ್ಲ ಇವತ್ತು! ಆ ಹಾಳೆ ಮಾತ್ರ ಮುಟ್ಬೇಡಿ."

"ಮುಟ್ಟಿದ್ದೀನಿ ಸಾರ್."

"ಎಷ್ಟು?"

"ಪೂರ್ತಿ."

ಕೋಚ್ ಮುಖ ಗಾಳಿ ಹೋದ ಚೆಂಡಿನಂತಾಯಿತು. "ಕಿತ್ತಾಕ್ರೀ ಅದನ್ನ! ಅವ್ರ ಬಸ್ಸು ಬರೋ ಹೊತ್ತಾಯ್ತು. ಕುರ್ಚಿ ಬೇಕೋ ಬೇಡ್ವೋ ನಿಮಗೆ?"

ಅಂಟಣ್ಣ ಒದ್ದೆ ಬಟ್ಟೆ, ರಟ್ಟು ಕೊಯ್ಯುವ ಚೂರಿ ಹಿಡಿದು ಓಡಿದ. ಕೆರೆದ, ನೆನೆಸಿದ, ಉಗುರು ಹಾಕಿದ. ಹಾಳೆಯ ಒಂದು ಮೂಲೆ ಮಾತ್ರ ಬಂತು, ಅದರ ಜೊತೆಗೆ ಬೋರ್ಡಿನ ಬಣ್ಣವೂ. ಜೀವಮಾನದಲ್ಲಿ ಮೊದಲ ಸಲ ತನ್ನ ಅಂಟಿಗೆ ತಾನೇ ಶಾಪ ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಮೆಲ್ಲಗೆ ಒಂದು ದನಿ:

"ಸ್ವಲ್ಪ ಕೈ ಈಚೆ ತೆಗೀತೀರಾ? ಕೊನೇ ಸಾಲು ಕಾಣ್ತಿಲ್ಲ."

ಕನ್ನಡಕ, ಕೈಯಲ್ಲಿ ನೋಟುಪುಸ್ತಕ: ಎದುರು ತಂಡದ ಮ್ಯಾನೇಜರು. ಅಂಟಣ್ಣ ಬೆನ್ನು ಕೊಟ್ಟು ಹಾಳೆಯನ್ನು ಮರೆಮಾಡಲು ನೋಡಿದ. ಆದರೆ ಅವನ ನೆತ್ತಿ ಕೊನೆಯ ನಾಲ್ಕು ಸಾಲಿಗಷ್ಟೇ ಮುಟ್ಟಿತು.

"ಬರ್ದವ್ರು ನೀವೇನಾ?"

"ಹೌದು."

"ಬೆಳಗ್ಗೇದು?"

"ಅದೂ ನಾನೇ."

"ಎರಡರಲ್ಲಿ ಯಾವ್ದು ನಿಜ?"

ಬೆಳಗಿನದೇ ನಿಜ ಎಂದುಬಿಟ್ಟರೆ ತಂಡ ಉಳಿಯುತ್ತಿತ್ತು, ಕುರ್ಚಿ ಉಳಿಯುತ್ತಿತ್ತು. ಅಂಟಣ್ಣ ಬಾಯಿ ತೆರೆದ. ಸುಳ್ಳು ನಾಲಿಗೆಯ ತುದಿವರೆಗೆ ಬಂದು, ಗುರುತಿಲ್ಲದ ಮನೆಯ ಮುಂದೆ ನಿಂತ ನೆಂಟನಂತೆ ಹಿಂದಿರುಗಿತು.

"ಇದೇ ನಿಜ ಸ್ವಾಮಿ" ಎಂದ, ಬೆವರು ಒರೆಸಿಕೊಳ್ಳುತ್ತಾ.

ಮ್ಯಾನೇಜರು ಅವನ ಬೆವರು ನೋಡಿದರು, ಚೂರಿ ನೋಡಿದರು, ಒಂದೇ ಮೂಲೆ ಹರಿದ ಹಾಳೆ ನೋಡಿದರು. ಮುಗುಳ್ನಕ್ಕು ಪುಸ್ತಕ ಮುಚ್ಚಿ ನಡೆದರು.

ಪಂದ್ಯ ಶುರುವಾಯಿತು. ಕುರ್ಚಿಯಲ್ಲಿ ಕೂತ ಅಂಟಣ್ಣನಿಗೆ ಸುಡುವ ಕಲ್ಲಿನ ಮೇಲೆ ಕೂತ ಹಾಗೆ. ಆದರೆ ಇದೇನು! ಎದುರು ತಂಡದ ಇಬ್ಬರು ಕಂಬನಿಗೆ ಬಳ್ಳಿಯಂತೆ ಸುತ್ತಿಕೊಂಡಿದ್ದಾರೆ. ಒಂಬತ್ತನೇ ನಂಬರಿನವನ ಬಳಿ ಒಂದು ನರಪಿಳ್ಳೆಯೂ ಇಲ್ಲ. ಎಡಕ್ಕೆ ಎರಡು ಹೆಜ್ಜೆ, ಭುಜದ ಸುಳ್ಳು, ನೆಗೆತ. ಅಂಟಣ್ಣ ಅಂಕಿ ಮಗುಚಿದ. ಮತ್ತೆ ಮಗುಚಿದ. ಮಗುಚಿ ಮಗುಚಿ ಬೆರಳು ನೊಂದವು. ಎದುರಿನವರಿಗೆ ಬುದ್ಧಿ ಬರುವ ಹೊತ್ತಿಗೆ ಪಂದ್ಯ ಮುಗಿದಿತ್ತು: ಅರವತ್ತೆಂಟಕ್ಕೆ ಐವತ್ತೊಂದು.

ಕೋಚ್ ಓಡಿಬಂದು ತಬ್ಬಿಕೊಂಡರು. "ಎಂಥಾ ನಾಟಕ ಅಂಟಣ್ಣ! ಕಿತ್ತು ಬರದ ಹಾಗೆ ಅಂಟಿಸಿ, ಅವ್ರ ಕಣ್ಮುಂದೇನೇ ಕೆರೆಯೋದು ಅಂದ್ರೆ!"

"ನಾಟಕ ಅಲ್ಲ ಸಾರ್. ನಾನು ನಿಜಾನೇ ಹೇಳ್ದೆ."

"ನೋಡ್ರೋ, ಈಗ್ಲೂ ಮುಖದಲ್ಲಿ ಒಂದು ಗೆರೆ ಅಲುಗಲ್ಲ!"

ಆಗ ಮ್ಯಾನೇಜರು ರೆಫ್ರಿಯನ್ನು ಕರೆದುಕೊಂಡು ಬಂದರು.

"ಸೋತಿದ್ದಕ್ಕೆ ಬೇಜಾರಿಲ್ಲ. ಆದ್ರೆ ಅಂಕ ಮಗುಚೋ ಜಾಗದಲ್ಲಿ ಇಂಥಾ ಕಪಟಿ ಕೂತ್ರೆ ಮುಂದೆ ಯಾವ ತಂಡ ನಿಮ್ಮಲ್ಲಿ ಆಡೋಕೆ ಬರುತ್ತೆ?"

"ನಾನು ನಿಜ ಹೇಳಿದ್ನಲ್ಲ ಸ್ವಾಮಿ!" ಅಂಟಣ್ಣನ ದನಿ ಒಡೆಯಿತು.

"ಹೇಳಿದ್ರಿ. ನಾನು ನಂಬಬಾರದು ಅನ್ನೋ ಹಾಗೆ ಹೇಳಿದ್ರಿ!"

ರೆಫ್ರಿ ಗಡ್ಡ ಸವರಿಕೊಂಡು, ಮಾತಿನಲ್ಲಿ ಸಾರ ಇದೆ ಎಂದರು. ಗೆದ್ದ ಸಂತೋಷದಲ್ಲಿ ಕೋಚ್ ಕೂಡ ಜಗಳಕ್ಕೆ ಹೋಗಲಿಲ್ಲ. ಯಾರೂ ಸಂದೇಹಪಡದಂಥ ಮುಖ ಬೇಕೆಂದು ಹುಡುಕಿದಾಗ ಸೂಪರಿಂಟೆಂಡೆಂಟ್ ಅಮ್ಮ ಎದ್ದು ನಿಂತರು. ಆ ಮುಖ ನೋಡಿ ಸಂದೇಹಪಡುವ ಧೈರ್ಯ ಯಾರಿಗೂ ಬರಲಿಲ್ಲ.

"ಬೇಜಾರು ಮಾಡ್ಕೋಬೇಡಿ ಅಂಟಣ್ಣ" ಎಂದು ಅವರು ಕುರ್ಚಿಯ ಮೇಲೆ ಸೆರಗು ಹೊದ್ದು ಕೂತರು. "ನಿಮಗೆ ಕಿಟಕಿ ಇದೆಯಲ್ಲ."

ಇತ್ತು. ಮುಂದಿನ ವಾರದ ಪಂದ್ಯಕ್ಕೆ ಅಂಟಣ್ಣ ಕಿಟಕಿ ತೆರೆದಿಟ್ಟು ಕೂತ. ಅರ್ಧ ಆಟದ ಮೇಲೆ ತಂಡಗಳು ಬುಟ್ಟಿ ಬದಲಿಸುತ್ತವೆ. ಒಂಬತ್ತನೇ ನಂಬರಿನವನು ಈಚೆ ಕಡೆಗೆ ಬಂದೇ ಬರುತ್ತಾನೆ. ದೇವರು ಕೊಟ್ಟ ಅರ್ಧವೂ ಸಣ್ಣದಲ್ಲ ಎಂದು ಸಮಾಧಾನ ತಂದುಕೊಂಡ. ಆದರೆ ಗೆದ್ದ ತಂಡವನ್ನು ನೋಡಲು ಈ ಸಲ ಎರಡರಷ್ಟು ಜನ ಬಂದರು. ಜಾಗ ಸಾಲದೆ ಲೈಬ್ರರಿಯ ಗೋಡೆಗೇ ಬೆಂಚು ಹಾಕಿ, ಅದರ ಮೇಲೆ ಹತ್ತಿ ಕಿಟಕಿಗೆ ಅಡ್ಡವಾಗಿ ಸಾಲಾಗಿ ನಿಂತರು.

ಅಂಟಣ್ಣ ಎದ್ದು ತುದಿಗಾಲಲ್ಲಿ ನಿಂತು ನೋಡಿದ. ಆಮೇಲೆ ಒಂದು ಹಾಳೆ ತೆಗೆದು, ಪೆನ್ನು ಬಿಚ್ಚಿ, ಕಂಡಷ್ಟನ್ನು ಬರೆಯತೊಡಗಿದ: 'ಎಡಗಡೆಯಿಂದ ಮೊದಲನೆಯ ಕುತ್ತಿಗೆ...'